ನಾಲ್ಕು ಬೇರೆಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಪ್ರಶ್ನೆ ಕೇಳಿದವರು

ಮುಂದಿನ ತಿಂಗಳ ರಜೆಯಲ್ಲಿ ನನ್ನ ಅಣ್ಣನ ಇಬ್ಬರು ಮಕ್ಕಳೂ ತಂಗಿಯ ಇಬ್ಬರು ಮಕ್ಕಳೂ ಒಂದು ವಾರ ನಮ್ಮ ಮನೆಯಲ್ಲಿರಲು ಬರುತ್ತಿದ್ದಾರೆ. ಅಣ್ಣನ ಮಗಳಿಗೆ 14 ವರ್ಷ, ಮಗನಿಗೆ 10. ತಂಗಿಯ ಮಗಳಿಗೆ 7, ಅವಳ ತಮ್ಮನಿಗೆ ಈಗಷ್ಟೇ 3 ತುಂಬಿದೆ. ಇಬ್ಬರಿಗೆ ನಾನು ಅತ್ತೆ, ಇನ್ನಿಬ್ಬರಿಗೆ ದೊಡ್ಡಮ್ಮ. ತಂದೆತಾಯಿಯರು ಯಾರೂ ಜೊತೆಗಿರುವುದಿಲ್ಲವಾದ್ದರಿಂದ ನಾನೂ ನನ್ನ ಪತಿಯೂ ಸೇರಿ ನಾಲ್ವರನ್ನೂ ನೋಡಿಕೊಳ್ಳಬೇಕು.

ಮನೆಯ ಹಿರಿಯರು ಈಗಾಗಲೇ ನೋಡಲೇಬೇಕಾದ ಸ್ಥಳಗಳ ಉದ್ದನೆಯ ಪಟ್ಟಿಯೊಂದನ್ನು ಬರೆದುಕೊಟ್ಟಿದ್ದಾರೆ. ಅದನ್ನು ಪೂರೈಸಬೇಕೆಂದರೆ ದಿನಕ್ಕೆ ಮೂರು ಸ್ಥಳಗಳಂತೆ ಓಡಬೇಕಾಗುತ್ತದೆ. ಅಲ್ಲದೆ ಚಿಕ್ಕವನಿಗೆ ಹಿಡಿಸಿದ್ದು ದೊಡ್ಡವಳಿಗೆ ಬಾಲಿಶವೆನಿಸುತ್ತದೆ, ದೊಡ್ಡವಳಿಗೆ ಹಿಡಿಸಿದ್ದು ಚಿಕ್ಕವನಿಗೆ ತಲೆಗೇ ಹೋಗುವುದಿಲ್ಲ. ನಾಲ್ವರೂ ಸಂತೋಷಪಡುವಂಥ ತಿರುಗಾಟ ನಿಜಕ್ಕೂ ಸಾಧ್ಯವೇ? ನಿಮ್ಮ ಊರು ಯಾವುದೇ ಇರಲಿ, ಯಾವ ಬಗೆಯ ಜಾಗಗಳು ಕೆಲಸಕ್ಕೆ ಬರುತ್ತವೆ, ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಶಿಶುವಿಹಾರದ ಶಿಕ್ಷಕಿ

ಸಾಧ್ಯವಿದೆ, ಆದರೆ ಸ್ಥಳವನ್ನು ಆರಿಸುವ ಮೊದಲು ಹೊತ್ತನ್ನು ಆರಿಸಿಕೊಳ್ಳಿ. ಮೂರು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುತ್ತದೆ. ಹಗಲಿನ ನಿದ್ದೆಯೂ ಈ ಲೆಕ್ಕದಲ್ಲಿ ಸೇರಿದೆ. ಅದೇ ಮಾರ್ಗಸೂಚಿಯ ಪ್ರಕಾರ ಈ ವಯಸ್ಸಿನವರು ದಿನದಲ್ಲಿ ಕನಿಷ್ಠ ಮೂರು ಗಂಟೆ ಮೈ ಆಡಿಸುತ್ತಿರಬೇಕು. ಎಂದರೆ ನಿಮ್ಮ ಚಿಕ್ಕವನು ಬೆಳಿಗ್ಗೆ ಯಾರನ್ನೂ ಕೂರಗೊಡುವುದಿಲ್ಲ, ಮಧ್ಯಾಹ್ನ ಯಾರ ಮಾತನ್ನೂ ಕೇಳುವುದಿಲ್ಲ. ಆದ್ದರಿಂದ ದಿನಕ್ಕೆ ಒಂದೇ ತಿರುಗಾಟ, ಅದೂ ಬೆಳಿಗ್ಗೆ. ಹಿರಿಯರ ಪಟ್ಟಿಯಲ್ಲಿ ಮೂರನೆಯ ಎರಡು ಭಾಗವನ್ನು ಈಗಲೇ ಹೊಡೆದುಹಾಕಿದರೆ ಅವರು ಸ್ವಲ್ಪ ಮುನಿಸಿಕೊಳ್ಳಬಹುದು, ಆದರೆ ನಿಮ್ಮ ವಾರ ಉಳಿಯುತ್ತದೆ.

ಇನ್ನು ಜಾಗದ ವಿಚಾರ. ಮಗುವಿಗೆ ಬರಿದೇ ನೋಡಲು ಮಾತ್ರ ಇರುವ ಜಾಗಕ್ಕಿಂತ ಏನಾದರೂ ಮಾಡಲು ಇರುವ ಜಾಗ ಯಾವಾಗಲೂ ಮೇಲು. ಮರಳು, ಇಳಿಜಾರು, ಒಣಕಡ್ಡಿ, ಕಲ್ಲು, ಆಳವಿಲ್ಲದ ಹರಿಯುವ ನೀರು ಇದ್ದರೆ ಪ್ರತಿ ವಯಸ್ಸಿನವರೂ ತಮ್ಮ ಆಟವನ್ನು ತಾವೇ ಹುಡುಕಿಕೊಳ್ಳುತ್ತಾರೆ. ನಾನು ಎಲ್ಲರಿಗೂ ಮೊದಲು ಹೇಳುವುದು ಸಣ್ಣ ಕಾಲುವೆಯ ಮೇಲಿನ ಕಾಲುಸೇತುವೆಯನ್ನು. ಸೊಂಟದೆತ್ತರದ ಕಂಬಿಯಿರುವ, ವಾಹನಗಳು ಬಾರದ ಸೇತುವೆಯಾಗಿರಬೇಕು. ಮೂರು ವರ್ಷದವನು ನೀರು ಬರುವ ಕಡೆಯಿಂದ ಒಂದು ಎಲೆಯನ್ನು ಬಿಡುತ್ತಾನೆ, ಅದು ಕಾಲಡಿಯಲ್ಲಿ ಮಾಯವಾಗುತ್ತದೆ. ಅವನು ಒಂದು ಕ್ಷಣ ಹಲಗೆಗಳ ಸಂದಿನಲ್ಲಿ ಕಣ್ಣಿಟ್ಟು, ಮತ್ತೆ ಆಚೆ ಬದಿಗೆ ಓಡಿ ಕಂಬಿಗೆ ಗಲ್ಲವಾನಿಸಿ ಕಾಯುತ್ತಾನೆ. ಎಲೆ ಹೊರಬಂದಾಗ ಅದನ್ನು ತಾನೇ ಹುಟ್ಟಿಸಿದವನಂತೆ ಕೂಗುತ್ತಾನೆ. ಇದನ್ನು ಎಷ್ಟು ಸಲ ಮಾಡಿದರೂ ಅವನಿಗೆ ಬೇಸರವಾಗುವುದಿಲ್ಲ. ಏಳು ವರ್ಷದವಳಿಗೆ ಅದು ಪಂದ್ಯ: ಅಗಲದ ಎಲೆ ಗೆಲ್ಲುತ್ತದೆಯೋ ಕಡ್ಡಿ ಗೆಲ್ಲುತ್ತದೆಯೋ, ನಡುನೀರಿನಲ್ಲಿ ಬಿಟ್ಟರೆ ಹೆಚ್ಚು ವೇಗವೋ ದಡದ ಹತ್ತಿರವೋ? ಹತ್ತರವನ ಕೈಗೆ ಒಂದು ದಾರವನ್ನೂ ಸ್ಟಾಪ್‌ವಾಚನ್ನೂ ಕೊಟ್ಟು, ದಡದ ಮೇಲೆ ಹತ್ತು ಮೀಟರ್ ಅಳೆದು ಕಡ್ಡಿ ಆ ದೂರವನ್ನು ಎಷ್ಟು ಸೆಕೆಂಡಿನಲ್ಲಿ ಕ್ರಮಿಸಿತೆಂದು ಬರೆದುಕೊಳ್ಳಲು ಹೇಳಿ. ದೊಡ್ಡವಳಿಗೆ ಇನ್ನೊಂದು ಹೆಜ್ಜೆ ಇದೆ. ನೀರು ತಳದಲ್ಲಿ ನಿಧಾನವಾಗಿಯೂ ಮೇಲ್ಮೈಯಲ್ಲಿ ವೇಗವಾಗಿಯೂ ಹರಿಯುವುದರಿಂದ, ತೇಲುವ ವಸ್ತುವಿನ ವೇಗವನ್ನು ಸುಮಾರು 0.85ರಿಂದ ಗುಣಿಸಿ ಸರಾಸರಿ ವೇಗವನ್ನು ಅಂದಾಜು ಮಾಡುವುದು ಜಲವಿಜ್ಞಾನದಲ್ಲಿ ರೂಢಿಯಲ್ಲಿರುವ ಕ್ರಮ. ಅದನ್ನು ಕಾಲುವೆಯ ಅಗಲ ಮತ್ತು ಆಳದೊಂದಿಗೆ ಗುಣಿಸಿದರೆ ಸೆಕೆಂಡಿಗೆ ಎಷ್ಟು ನೀರು ಹರಿಯುತ್ತಿದೆ ಎಂಬುದು ಸಿಗುತ್ತದೆ. ನಾಲ್ವರೂ ನಿಂತಿರುವುದು ಒಂದೇ ಸೇತುವೆಯ ಮೇಲೆ, ಆಡುತ್ತಿರುವುದು ನಾಲ್ಕು ಆಟ.

ವಿಜ್ಞಾನ ಕೇಂದ್ರದ ಸ್ವಯಂಸೇವಕ

ಶಿಕ್ಷಕಿಯವರ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಆದರೂ ಪಟ್ಟಿಯಲ್ಲಿ ವಸ್ತುಸಂಗ್ರಹಾಲಯ ಇದ್ದೇ ಇರುತ್ತದೆ ಎಂದು ಊಹಿಸಿ ಅದರ ಬಗ್ಗೆ ಬರೆಯುತ್ತಿದ್ದೇನೆ. ವಸ್ತುಸಂಗ್ರಹಾಲಯದಲ್ಲಿ ಉಂಟಾಗುವ ಆಯಾಸವನ್ನು ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬುವರು 1916ರಷ್ಟು ಹಿಂದೆಯೇ ಛಾಯಾಚಿತ್ರಗಳ ಸಮೇತ ವಿವರಿಸಿದ್ದರು: ಪೆಟ್ಟಿಗೆಯ ಕೆಳತಟ್ಟಿನಲ್ಲಿಟ್ಟ ವಸ್ತುವನ್ನು ನೋಡಲು ದೊಡ್ಡವರು ಎಷ್ಟೆಲ್ಲ ಬಾಗಿ ಬಳಲಬೇಕಾಗುತ್ತದೆ ಎಂದು ಆ ಚಿತ್ರಗಳು ತೋರಿಸುತ್ತವೆ. ಮಕ್ಕಳ ತೊಂದರೆ ಇದಕ್ಕೆ ವಿರುದ್ಧವಾದದ್ದು. ಅವರಿಗೆ ಎಲ್ಲವೂ ಎತ್ತರದಲ್ಲಿರುತ್ತದೆ, ಎಲ್ಲವನ್ನೂ ಯಾರಾದರೂ ಎತ್ತಿ ತೋರಿಸಬೇಕು. ಮಕ್ಕಳಿಗೆಂದೇ ಮೀಸಲಾದ ಮೊದಲ ವಸ್ತುಸಂಗ್ರಹಾಲಯ 1899ರಲ್ಲಿ ಬ್ರೂಕ್ಲಿನ್‌ನಲ್ಲಿ ಆರಂಭವಾಯಿತು. ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಅನ್ನು ತೆರೆದ ಮೇಲೆ, ಮುಟ್ಟಿ ತಿರುಗಿಸಿ ಕಲಿಯುವ ಬಗೆಯ ಕೇಂದ್ರಗಳು ಜಗತ್ತಿನ ಅನೇಕ ನಗರಗಳಿಗೆ ಹಬ್ಬಿದವು. ನಿಮ್ಮ ಊರಿನಲ್ಲಿ ಎರಡು ಬಗೆಯವೂ ಇದ್ದರೆ ಗಾಜಿನ ಪೆಟ್ಟಿಗೆಗಳದ್ದನ್ನು ಬಿಟ್ಟು ಗುಂಡಿ, ಹಿಡಿಕೆ, ಚಕ್ರಗಳಿರುವುದನ್ನೇ ಆರಿಸಿಕೊಳ್ಳಿ.

ಅಲ್ಲಿಯೂ ಎಲ್ಲ ಕೊಠಡಿಗಳನ್ನು ನೋಡುವ ಹಠ ಬೇಡ. ಒಂದು ಅಥವಾ ಎರಡು ಕೊಠಡಿ ಸಾಕು. ಪ್ರವೇಶ ಚೀಟಿಗೆ ಕೊಟ್ಟ ಹಣ ವ್ಯರ್ಥವಾಗಬಾರದೆಂದು ದಣಿದ ಮಕ್ಕಳನ್ನು ಕೊನೆಯ ಕೊಠಡಿಯವರೆಗೆ ಎಳೆದುಕೊಂಡು ಹೋಗುವ ಕುಟುಂಬಗಳನ್ನು ನಾನು ಪ್ರತಿ ರಜೆಯಲ್ಲೂ ನೋಡುತ್ತೇನೆ. ಅಷ್ಟು ಹೊತ್ತಿಗೆ ಮಕ್ಕಳಿಗೆ ನೆನಪಿರುವುದು ನೀರಿನ ನಲ್ಲಿ ಎಲ್ಲಿದೆ ಎಂಬುದೊಂದೇ.

ತಾರಾಲಯದ ಬಗ್ಗೆ ಒಂದು ಮಾತು. 1923ರಲ್ಲಿ ಮ್ಯೂನಿಕ್‌ನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿ ಝೈಸ್ ಕಂಪನಿಯ ಪ್ರಕ್ಷೇಪಕ ಮೊದಲ ಬಾರಿಗೆ ಗುಮ್ಮಟದ ಮೇಲೆ ನಕ್ಷತ್ರಗಳನ್ನು ಮೂಡಿಸಿದಂದಿನಿಂದ ಈ ಪ್ರದರ್ಶನದ ಮೊದಲ ಮೆಟ್ಟಿಲು ಗಾಢ ಕತ್ತಲೆಯೇ. ಹತ್ತು ಮತ್ತು ಹದಿನಾಲ್ಕರವರಿಗೆ ಆ ಕತ್ತಲೆಯೇ ಸೊಗಸು, ಮೂರರವನಿಗೆ ಅದೇ ಭಯ. ಅನೇಕ ಕಡೆ ಕನಿಷ್ಠ ವಯಸ್ಸಿನ ನಿಯಮವಿರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ.

ಹದಿನಾಲ್ಕರವರ ಪರವಾಗಿ

ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ನಮ್ಮ ಮನೆತನದ ಮಕ್ಕಳಲ್ಲಿ ನಾನೇ ದೊಡ್ಡವನಾದ್ದರಿಂದ ನಿಮ್ಮ ಅಣ್ಣನ ಮಗಳ ಪಾಡು ನನಗೆ ಚೆನ್ನಾಗಿ ಗೊತ್ತು. ದಯವಿಟ್ಟು ಅವಳನ್ನು ಸಂಬಳವಿಲ್ಲದ ಆಯಾ ಮಾಡಬೇಡಿ. "ನೀನು ದೊಡ್ಡವಳು, ತಮ್ಮನನ್ನು ಸ್ವಲ್ಪ ನೋಡಿಕೋ" ಎಂಬ ಮಾತು ದಿನಕ್ಕೆ ಒಂದು ಸಲ ಬಂದರೆ ಸಹಿಸಬಹುದು. ಅದೇ ಅವಳ ರಜೆಯ ಪೂರ್ಣಾವಧಿ ಕೆಲಸವಾದರೆ ಅವಳು ಫೋನಿನೊಳಗೆ ಹೊಕ್ಕು ಕುಳಿತುಕೊಳ್ಳುತ್ತಾಳೆ, ಮತ್ತು ಆಮೇಲೆ ಎಲ್ಲರೂ ಫೋನನ್ನೇ ಬೈಯುತ್ತಾರೆ. ಅದರ ಬದಲು ನಿಜವಾದ ಅಧಿಕಾರ ಕೊಡಿ. ಒಂದು ದಿನದ ತಿರುಗಾಟವನ್ನು ಪೂರ್ತಿ ಅವಳಿಗೇ ಒಪ್ಪಿಸಿ: ದಾರಿ, ಬಸ್ಸಿನ ಹೊತ್ತು, ಖರ್ಚಿನ ಮಿತಿ, ಎಲ್ಲಿ ನಿಲ್ಲಬೇಕು, ಯಾವಾಗ ಮರಳಬೇಕು ಎಲ್ಲವೂ ಅವಳದೇ. ಅವಳು ಆರಿಸಿದ ದಾರಿ ಸುತ್ತುಬಳಸಾಗಿದ್ದರೂ ಮಧ್ಯದಲ್ಲಿ ಬಾಯಿ ಹಾಕಬಾರದು. ನಿಮ್ಮ ಪತಿಯವರಿಗೂ ಇದನ್ನು ಮೊದಲೇ ಹೇಳಿಡಿ.

ಫೋನನ್ನೂ ಕೆಲಸಕ್ಕೆ ಹಚ್ಚಬಹುದು. ಅಮೆರಿಕದ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ಜಿಪಿಎಸ್ ಸಂಕೇತಗಳನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿತು. ಮರುದಿನವೇ ಆರೆಗನ್ ರಾಜ್ಯದಲ್ಲಿ ಒಬ್ಬರು ಡಬ್ಬಿಯೊಂದನ್ನು ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಜಿಯೋಕ್ಯಾಚಿಂಗ್ ಎಂಬ ಹುಡುಕಾಟ ಹುಟ್ಟಿದ್ದು ಹಾಗೆ. ಈಗ ಅಂಥ ಡಬ್ಬಿಗಳು ಜಗತ್ತಿನ ಬಹುತೇಕ ದೇಶಗಳಲ್ಲಿವೆ. ಡಬ್ಬಿ ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಇದ್ದಲ್ಲಿಯೇ ಮತ್ತೆ ಇಡಬೇಕು. ಬಾಣದ ಗುರುತು ಹಿಡಿದು ನಡೆಸುವುದು ದೊಡ್ಡವಳ ಕೆಲಸ, ಕಲ್ಲಿನ ಸಂದು ಮರದ ಬೇರುಗಳನ್ನು ಹುಡುಕುವುದು ಹತ್ತು ಮತ್ತು ಏಳರವರ ಕೆಲಸ. ನೆಲಕ್ಕೆ ಹತ್ತಿರದಲ್ಲಿರುವ ಕಾರಣಕ್ಕೋ ಏನೋ, ಎಷ್ಟೋ ಸಲ ಡಬ್ಬಿ ಮೊದಲು ಕಾಣುವುದು ಎಲ್ಲರಿಗಿಂತ ಚಿಕ್ಕವನಿಗೆ.

ನಿಮ್ಮ ಸುತ್ತಮುತ್ತ ಡಬ್ಬಿಗಳಿಲ್ಲದಿದ್ದರೆ ಸೀಕ್ ಎಂಬ ಆ್ಯಪ್ ಇದೆ. ಐನ್ಯಾಚುರಲಿಸ್ಟ್ ತಂಡದವರು ಮಾಡಿದ್ದು. ಗಿಡ, ಹುಳು, ಹಕ್ಕಿಯತ್ತ ಕ್ಯಾಮೆರಾ ಹಿಡಿದರೆ ಯಾವ ಗುಂಪಿನದು, ಯಾವ ಜಾತಿಯದು ಎಂದು ಊಹಿಸುತ್ತದೆ. ಖಾತೆ ತೆರೆಯಬೇಕಾಗಿಲ್ಲ ಎಂಬುದರಿಂದ ಚಿಕ್ಕವರ ಕೈಗೂ ಕೊಡಬಹುದು. ಅದರ ಊಹೆ ತಪ್ಪಾಗುವುದೂ ಉಂಟು. ಹತ್ತು ವರ್ಷದ ಹುಡುಗರಿಗೆ ಯಂತ್ರದ ತಪ್ಪು ಹಿಡಿಯುವುದರಲ್ಲಿರುವ ಖುಷಿ ಬೇರೆ ಯಾವುದರಲ್ಲೂ ಇಲ್ಲ.

ಇಬ್ಬರು ಮಕ್ಕಳ ತಂದೆ

ನಾಲ್ವರನ್ನೂ ಎಲ್ಲ ಹೊತ್ತೂ ಒಟ್ಟಿಗೇ ಇಡಬೇಕೆಂಬ ಭಾವನೆಯನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ದೊಡ್ಡವರು ಇಬ್ಬರಿದ್ದೀರಿ; ಒಂದೇ ಜಾಗಕ್ಕೆ ಹೋಗಿ, ಮೊದಲ ಒಂದು ಗಂಟೆ ಜೊತೆಗಿದ್ದು, ಆಮೇಲೆ ಎರಡು ಗುಂಪಾಗಿ, ಕೊನೆಗೆ ಮತ್ತೆ ಸೇರಿ. ಗುಡ್ಡವಿದ್ದರೆ ಒಬ್ಬರು ದೊಡ್ಡವರಿಬ್ಬರೊಂದಿಗೆ ತುದಿಯವರೆಗೆ ಹತ್ತಲಿ, ಇನ್ನೊಬ್ಬರು ಚಿಕ್ಕವರಿಬ್ಬರೊಂದಿಗೆ ಬುಡದಲ್ಲಿ ಇರುವೆಯ ಸಾಲನ್ನು ನೋಡುತ್ತಿರಲಿ. ಮರುದಿನ ಗುಂಪು ಬದಲಾಯಿಸಿ, ಏಳರವಳನ್ನು ದೊಡ್ಡವರ ಕಡೆಗೆ ಸೇರಿಸಿ. ಏಳು ಎಂಬುದು ನಡುವಿನ ವಯಸ್ಸು: ಒಂದು ದಿನ ಅವಳು ಚಿಕ್ಕ ಮಗು, ಇನ್ನೊಂದು ದಿನ ಹತ್ತರವನಿಗಿಂತ ಜೋರು.

ಒಂದೇ ಜಾಗದಲ್ಲಿ ಎಲ್ಲರೂ ಇರಬೇಕೆಂದರೆ ನನ್ನ ಮತ ಆಟದ ಮೈದಾನಕ್ಕೆ, ಆದರೆ ಬಣ್ಣಬಣ್ಣದ ಪ್ಲಾಸ್ಟಿಕ್ ಜಾರುಬಂಡೆಗಳಿಗೆ ಅಲ್ಲ. ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಮುಂದಿನ ಮೂರು ದಶಕಗಳಲ್ಲಿ ಆಮ್ಸ್ಟರ್‌ಡ್ಯಾಮ್ ನಗರದ ಖಾಲಿ ನಿವೇಶನಗಳಲ್ಲಿ 700ಕ್ಕೂ ಹೆಚ್ಚು ಆಟದ ಜಾಗಗಳನ್ನು ರೂಪಿಸಿದರು. ಕಾಂಕ್ರೀಟಿನ ಅಗಲ ಅಂಚಿರುವ ಮರಳಿನ ಗುಂಡಿ, ಗುಂಡುಕಲ್ಲುಗಳ ಸಾಲು, ಬಾಗಿಸಿದ ಕಬ್ಬಿಣದ ಕಂಬಿಗಳು, ಅಷ್ಟೇ. ಇದು ಇಂಥದೇ ಆಟಕ್ಕೆ ಎಂದು ಹೇಳುವ ಯಾವುದೂ ಅಲ್ಲಿರಲಿಲ್ಲ. ಆ ಅಂಚಿನ ಮೇಲೆ ಕೂಸು ಮರಳಿನ ಗುಡ್ಡೆ ಮಾಡಬಹುದು, ಏಳರವಳು ಓಡಬಹುದು, ದೊಡ್ಡವಳು ಕುಳಿತು ಹರಟಬಹುದು. ಅದಕ್ಕೂ ಮೊದಲು, 1943ರಲ್ಲಿ, ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ಉದ್ಯಾನ ವಿನ್ಯಾಸಕಾರ ಕಾರ್ಲ್ ಥಿಯೋಡರ್ ಸೋರೆನ್‌ಸೆನ್ ಅವರ ಕಲ್ಪನೆಯಂತೆ ಹಲಗೆ, ಇಟ್ಟಿಗೆ, ಹಗ್ಗಗಳ ಆಟದ ಮೈದಾನ ತೆರೆದಿತ್ತು. ತಾವು ಯೋಜಿಸಿದ ಚೊಕ್ಕ ಮೈದಾನಗಳನ್ನು ಬಿಟ್ಟು ಮಕ್ಕಳು ಕಟ್ಟಡ ಕಟ್ಟುವ ಜಾಗಗಳಲ್ಲಿ ಆಡುವುದನ್ನು ಗಮನಿಸಿದ್ದರಿಂದಲೇ ಆ ಕಲ್ಪನೆ ಅವರಿಗೆ ಬಂದದ್ದು. ನಿಮ್ಮ ಊರಿನಲ್ಲಿ ಇಂಥದ್ದೇನೂ ಇಲ್ಲದಿದ್ದರೂ ಉದ್ಯಾನವನ್ನು ಆರಿಸುವಾಗ ಇದೇ ಕಣ್ಣಿನಿಂದ ನೋಡಿ: ಬಿದ್ದ ಕೊಂಬೆಗಳಿವೆಯೇ, ದಿಬ್ಬವಿದೆಯೇ, ಹುಲ್ಲಿನ ಮೇಲೆ ಓಡಲು ಬಿಡುತ್ತಾರೆಯೇ? ಎಲ್ಲೆಡೆ ಮುಟ್ಟಬೇಡಿ ಎಂಬ ಫಲಕಗಳಿರುವ ಸುಂದರ ಉದ್ಯಾನ ದೊಡ್ಡವರ ಫೋಟೋಗಳಿಗೆ ಒಳ್ಳೆಯದು.

ಮಕ್ಕಳ ವಾರ್ಡಿನ ದಾದಿ

ಎಲ್ಲರೂ ನೀರು, ಗುಡ್ಡ, ಹತ್ತುವುದು ಎಂದು ಬರೆಯುತ್ತಿರುವುದರಿಂದ ನಾನು ಉಳಿದದ್ದನ್ನು ಬರೆಯುತ್ತೇನೆ. ನೀರಿನಲ್ಲಿ ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಸದ್ದಿಲ್ಲದೆ, ಬಹಳ ಬೇಗ ಮುಳುಗುತ್ತದೆ. ಅಂಗೈಯಗಲದ ಆಳವೂ ಚಿಕ್ಕ ಮಗುವಿಗೆ ಅಪಾಯಕಾರಿ. ನೀರಿನ ಹತ್ತಿರವಿರುವಷ್ಟು ಹೊತ್ತೂ ಮೂರು ವರ್ಷದವನು ಒಬ್ಬ ದೊಡ್ಡವರ ತೋಳಿನಳತೆಯೊಳಗೆ ಇರಬೇಕು, ಮತ್ತು ಆ ದೊಡ್ಡವರು ಯಾರೆಂಬುದು ಬಾಯಿಬಿಟ್ಟು ಹೇಳಿದ್ದಾಗಿರಬೇಕು. ಇಬ್ಬರೂ ನೋಡುತ್ತಿದ್ದೇವೆ ಎಂದುಕೊಂಡಾಗಲೇ ಇಬ್ಬರೂ ನೋಡುತ್ತಿರುವುದಿಲ್ಲ. "ಈಗ ನಾನು ನೋಡುತ್ತೇನೆ" ಎಂದು ಒಬ್ಬರು ಹೇಳಿ, ಇನ್ನೊಬ್ಬರು "ಸರಿ" ಎಂದ ಮೇಲೆಯೇ ಪಾಳಿ ಬದಲಾಗಲಿ. ಈ ಪಾಳಿಯಲ್ಲಿ ಹದಿನಾಲ್ಕರವಳನ್ನು ಸೇರಿಸಬೇಡಿ.

ವಾಹನದಲ್ಲಿ ವಾಂತಿಯ ತೊಂದರೆ ಎರಡರಿಂದ ಹನ್ನೆರಡು ವರ್ಷದವರಲ್ಲಿ ಹೆಚ್ಚು, ಅಂದರೆ ನಿಮ್ಮ ನಾಲ್ವರಲ್ಲಿ ಮೂವರು ಆ ವಯಸ್ಸಿನವರು. ದೇಹ ಚಲಿಸುತ್ತಿದೆ ಎಂದು ಒಳಗಿವಿ ಹೇಳುವಾಗ ಪುಸ್ತಕದ ಮೇಲೋ ಪರದೆಯ ಮೇಲೋ ನೆಟ್ಟ ಕಣ್ಣು ಇಲ್ಲವೆನ್ನುವುದರಿಂದ ಈ ತೊಂದರೆ ಉಂಟಾಗುತ್ತದೆ. ದಾರಿಯುದ್ದಕ್ಕೂ ಹೊರಗಿನ ದೂರದ ವಸ್ತುಗಳನ್ನು ಎಣಿಸುವ ಆಟವಾಡಿಸಿ.

ಇವರು ನಿಮ್ಮ ಸ್ವಂತ ಮಕ್ಕಳಲ್ಲವಾದ್ದರಿಂದ ಕೆಲವನ್ನು ಮೊದಲೇ ಬರೆಸಿಕೊಳ್ಳಬೇಕು: ಯಾರಿಗೆ ಯಾವ ಅಲರ್ಜಿ, ಯಾವ ಔಷಧಿ, ಎಷ್ಟು ಪ್ರಮಾಣ, ಯಾರಿಗೆ ಈಜು ಬರುತ್ತದೆ, ತುರ್ತಾದರೆ ಚಿಕಿತ್ಸೆ ಕೊಡಿಸಲು ತಂದೆತಾಯಿಯರ ಒಪ್ಪಿಗೆ ಪತ್ರ. ಈಜು ಬರುತ್ತದೆಯೇ ಎಂದು ಮಕ್ಕಳನ್ನೇ ಕೇಳಿ ನಂಬಬೇಡಿ. ಹತ್ತು ವರ್ಷದವರೆಲ್ಲರಿಗೂ ಅವರ ಬಾಯಲ್ಲಿ ಈಜು ಬರುತ್ತದೆ. ಮನೆಯಿಂದ ಹೊರಡುವಾಗ ನಾಲ್ವರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದುಕೊಳ್ಳಿ. ಜನಸಂದಣಿಯಲ್ಲಿ ಯಾರಾದರೂ ಕಾಣದಾದರೆ ಆ ದಿನ ಯಾವ ಬಣ್ಣದ ಬಟ್ಟೆ ಹಾಕಿದ್ದರೆಂದು ನೆನಪಿಸಿಕೊಳ್ಳುವ ಕಷ್ಟ ತಪ್ಪುತ್ತದೆ. ಗುಡುಗು ಕೇಳಿಸಿದರೆ ಕೂಡಲೇ ಕಟ್ಟಡದೊಳಕ್ಕೆ ಅಥವಾ ಮುಚ್ಚಿದ ಕಾರಿನೊಳಕ್ಕೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಇನ್ನೆರಡು ಸಂದೇಹಗಳಿವೆ. ಮಳೆ ಹಿಡಿದರೆ ಏನು ಮಾಡಬೇಕು? ಬೆಳಿಗ್ಗೆ ಒಂದೇ ತಿರುಗಾಟವೆಂದರೆ ಸಂಜೆಗೆ, ಚಿಕ್ಕವನು ನಿದ್ದೆ ಮುಗಿಸಿ ಎದ್ದ ಮೇಲೆ, ಹತ್ತಿರದಲ್ಲೇ ಮಾಡಬಹುದಾದದ್ದು ಏನಾದರೂ ಇದೆಯೇ?

ಶಿಶುವಿಹಾರದ ಶಿಕ್ಷಕಿ

ಮಳೆಯ ದಿನಕ್ಕೆ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗ ಒಂದು. ಇನ್ನೊಂದು, ಬಸ್ಸನ್ನೋ ರೈಲನ್ನೋ ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದರಲ್ಲೇ ಮರಳುವುದು. ಕಾರಿನಲ್ಲೇ ಓಡಾಡುವ ಮಕ್ಕಳಿಗೆ ಇದು ನಿಜವಾದ ಪ್ರವಾಸ. ಜೋರಲ್ಲದ, ಗುಡುಗಿಲ್ಲದ ಮಳೆಯಾದರೆ ಹೊರಗೇ ಹೋಗಿ. ಬದಲಿಸಲು ಒಣ ಬಟ್ಟೆಯಿದ್ದರೆ ಸಾಕು.

ಆಕಾಶ ನೋಡುವ ಹವ್ಯಾಸಿ

ಸಂಜೆಯ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಮಹಡಿಯ ಮೇಲೆಯೇ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ, ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ನೆಲದ ಮೇಲೆ ಕತ್ತಲಾಗಿದ್ದು ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುವಾಗ, ಅಂದರೆ ಸೂರ್ಯಾಸ್ತದ ನಂತರದ ಮತ್ತು ಸೂರ್ಯೋದಯದ ಮೊದಲಿನ ಹೊತ್ತಿನಲ್ಲಿ, ಅದು ಮಿನುಗದ ಪ್ರಕಾಶಮಾನ ಚುಕ್ಕೆಯಾಗಿ ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಸಾಗುವುದು ಬರಿಗಣ್ಣಿಗೆ ಕಾಣುತ್ತದೆ. ನಿಮ್ಮ ಊರಿನಿಂದ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಕಾಣುತ್ತದೆಂದು ನಾಸಾದ ಸ್ಪಾಟ್ ದ ಸ್ಟೇಷನ್ ಎಂಬ ಆ್ಯಪ್ ನಿಮಿಷದ ಲೆಕ್ಕದಲ್ಲಿ ತಿಳಿಸುತ್ತದೆ. ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವುದರಿಂದ ಮೂರು ವರ್ಷದವನ ತಾಳ್ಮೆಗೂ ಅದು ಸರಿಹೊಂದುತ್ತದೆ. ಕೆಲವು ಸಂಜೆ ಅದು ಆಕಾಶದ ನಡುವೆಯೇ ಮಸುಕಾಗಿ ಅಳಿಸಿಹೋಗುತ್ತದೆ. ಭೂಮಿಯ ನೆರಳಿನೊಳಗೆ ಹೊಕ್ಕಿತೆಂದು ಅರ್ಥ. ಏಕೆ ಹೀಗಾಯಿತೆಂದು ಹತ್ತರವನು ಖಂಡಿತ ಕೇಳುತ್ತಾನೆ. ಒಂದು ಟಾರ್ಚು ಮತ್ತು ಚೆಂಡು ಇಟ್ಟುಕೊಂಡು ದೊಡ್ಡವಳೇ ಅವನಿಗೆ ವಿವರಿಸಲಿ.

ದುರ್ಬೀನು ಇದ್ದರೆ ಚಂದ್ರನನ್ನು ಹುಣ್ಣಿಮೆಯಂದು ನೋಡಬೇಡಿ, ಅಂದು ಅದು ಚಪ್ಪಟೆಯಾಗಿ ಕಾಣುತ್ತದೆ. ಅರ್ಧಚಂದ್ರನ ಆಸುಪಾಸಿನ ದಿನಗಳಲ್ಲಿ ಬೆಳಕು ಕತ್ತಲೆಗಳು ಕೂಡುವ ಗೆರೆಯ ಉದ್ದಕ್ಕೂ ಕುಳಿಗಳ ನೆರಳು ಉದ್ದವಾಗಿ ಬಿದ್ದು ಅವುಗಳ ಆಳ ತಿಳಿಯುತ್ತದೆ. ಗುರು ಗ್ರಹ ಸಂಜೆಯ ಆಕಾಶದಲ್ಲಿದ್ದರೆ ಮೊಣಕೈಯನ್ನು ಗೋಡೆಗೆ ಊರಿ ನೋಡಿ: 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು ಒಂದೇ ಸಾಲಿನ ಸಣ್ಣ ಚುಕ್ಕೆಗಳಾಗಿ ಸಾಧಾರಣ ದುರ್ಬೀನಿಗೂ ಸಿಗುತ್ತವೆ. ವಾರದ ಪ್ರತಿ ಸಂಜೆ ಅವುಗಳ ಸ್ಥಾನವನ್ನು ಏಳರವಳು ಪುಸ್ತಕದಲ್ಲಿ ಚುಕ್ಕೆಯಿಟ್ಟು ಗುರುತಿಸಲಿ, ದಿನದಿಂದ ದಿನಕ್ಕೆ ಸಾಲು ಬದಲಾಗುವುದು ಅವಳಿಗೇ ಕಾಣುತ್ತದೆ.

ಮಕ್ಕಳ ವಾರ್ಡಿನ ದಾದಿ

ದುರ್ಬೀನನ್ನು ಸೂರ್ಯ ಮುಳುಗಿದ ಮೇಲೆಯೇ ಪೆಟ್ಟಿಗೆಯಿಂದ ಹೊರತೆಗೆಯಿರಿ. ಅದರಿಂದ ಸೂರ್ಯನನ್ನು ನೋಡಿದರೆ ಕಣ್ಣಿಗಾಗುವ ಹಾನಿ ಕ್ಷಣಮಾತ್ರದ್ದು ಮತ್ತು ಶಾಶ್ವತವಾದದ್ದು. ಮಹಡಿಯ ಕಟ್ಟೆ ಎಷ್ಟು ಎತ್ತರವಿದೆ ಎಂಬುದನ್ನೂ ಹಗಲಿನಲ್ಲೇ ನೋಡಿಡಿ.

ಪ್ರಶ್ನೆ ಕೇಳಿದವರು

ಪಟ್ಟಿಯನ್ನು ತಿದ್ದಿದ್ದೇನೆ. ಮೊದಲ ದಿನ ಕಾಲುಸೇತುವೆ, ಎರಡನೆಯ ದಿನ ಗುಡ್ಡ ಮತ್ತು ಅದರ ಬುಡ, ಮೂರನೆಯ ದಿನ ಎಲ್ಲಿಗೂ ಹೋಗುವುದಿಲ್ಲ, ನಾಲ್ಕನೆಯ ದಿನ ಅಣ್ಣನ ಮಗಳು ಹೇಳಿದ ಕಡೆಗೆ. ಅವಳಿಗೆ ಈ ವಿಷಯ ತಿಳಿಸಿದೆ. ಖರ್ಚಿನ ಮಿತಿ ಎಷ್ಟು ಎಂಬ ಪ್ರಶ್ನೆ ಒಂದು ನಿಮಿಷದೊಳಗೆ ಬಂತು. ಐದನೆಯ ದಿನಕ್ಕೆ ವಿಜ್ಞಾನ ಕೇಂದ್ರವನ್ನು ಇಟ್ಟುಕೊಂಡಿದ್ದೇನೆ, ಚಿಕ್ಕವನು ಅಲ್ಲಿ ನಡುವೆಯೇ ನಿದ್ದೆಗೆ ಜಾರಿದರೆ ಏನು ಮಾಡುವುದೆಂಬುದು ಮಾತ್ರ ಇನ್ನೂ ಹೊಳೆದಿಲ್ಲ. ಉಳಿದೆರಡು ದಿನಗಳನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಎತ್ತರದ ಗೋಪುರ, ಎರಡು ಅರಮನೆ, ಗಾಜಿನ ಪೆಟ್ಟಿಗೆಗಳ ವಸ್ತುಸಂಗ್ರಹಾಲಯ ಇವನ್ನು ಹಿರಿಯರ ಸಮ್ಮುಖದಲ್ಲೇ ಕೈಬಿಡಲಾಗಿದೆ.

ವಿಜ್ಞಾನ ಕೇಂದ್ರದ ಸ್ವಯಂಸೇವಕ

ಹೋಗುವ ಮೊದಲು ಕೇಂದ್ರಕ್ಕೆ ಕರೆಮಾಡಿ ಎರಡು ವಿಷಯ ಕೇಳಿ: ಮಗುವಿನ ತಳ್ಳುಗಾಡಿಯನ್ನು ಒಳಗೆ ಬಿಡುತ್ತಾರೆಯೇ, ಮತ್ತು ಅದೇ ಚೀಟಿಯಲ್ಲಿ ಹೊರಗೆ ಹೋಗಿ ಮತ್ತೆ ಬರಬಹುದೇ. ಎರಡನೆಯದಕ್ಕೆ ಅವಕಾಶವಿದ್ದರೆ ಒಬ್ಬರು ಚಿಕ್ಕವನನ್ನು ಹೊರಗಿನ ನೆರಳಿನಲ್ಲಿ ಮಲಗಿಸಿಕೊಂಡು ಕೂರಬಹುದು, ಉಳಿದವರು ಆ ಹೊತ್ತಿನಲ್ಲಿ ತಾರಾಲಯದ ಪ್ರದರ್ಶನ ಮುಗಿಸಿ ಬರಬಹುದು. ವಾರದ ನಡುವಿನ ದಿನ, ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಹಿಡಿಕೆಗಳ ಮುಂದೆ ಸಾಲು ಇರುವುದಿಲ್ಲ.